ರೈನ್ ನದಿಯಲ್ಲಿ ಒಂದು ದಿನ: ಯಾವ ಕಡೆ ಕೂರಬೇಕು?

ಪ್ರಶ್ನೆ: ಜೂನ್ ತಿಂಗಳಲ್ಲಿ ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ರೈನ್ ನದಿಯಲ್ಲಿ ಹಡಗಿನ ಮೇಲೆ ಕೂತು ಕೋಟೆ ನೋಡುವ ಆಸೆ ಇದೆ. ಎಲ್ಲಿ ಹತ್ತಬೇಕು, ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತದೆ? ಹೋಗಿಬಂದ ನೆಂಟರೊಬ್ಬರು, ‘ಕೋಟೆಗಳೇನೋ ಚೆನ್ನಾಗಿವೆ, ಸರಕಿನ ಬಾರ್ಜ್‌ಗಳದ್ದೇ ಕಾಟ, ಫೋಟೊಗೆಲ್ಲ ಅಡ್ಡ ಬರುತ್ತವೆ’ ಅಂದರು. ನಿಜವೇ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಸರಕು ಹೊತ್ತ ದೋಣಿಗಳು ಆ ನದಿಯಲ್ಲಿ ಓಡಾಡದೇ ಇದ್ದಿದ್ದರೆ ನೀವು ನೋಡಲು ಹೊರಟಿರುವ ಕೋಟೆಗಳಲ್ಲಿ ಎಷ್ಟೋ ಅಲ್ಲಿ ಏಳುತ್ತಲೇ ಇರಲಿಲ್ಲ. ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗೆ ಇರುವುದು ಸುಮಾರು 65 ಕಿಲೋಮೀಟರ್. ಅಷ್ಟರಲ್ಲೇ ನಲವತ್ತರಷ್ಟು ಕೋಟೆಗಳಿವೆ. ಆ ಕಾಲದ ಒಡೆಯರಿಗೆ ಕೆಳಗೆ ಹರಿಯುವ ನದಿಯೇ ಆದಾಯ. ಹೋಗಿ ಬರುವ ದೋಣಿಗಳಿಂದ ಸುಂಕ ವಸೂಲಿ ಮಾಡುತ್ತಿದ್ದರು.

ಇದು ಕಣ್ಣಿಗೆ ಕಟ್ಟುವ ಹಾಗೆ ಕಾಣುವುದು ಕೌಬ್ ಎಂಬ ಊರಿನ ಎದುರು. ನಟ್ಟನಡು ನೀರಿನಲ್ಲಿ, ಒಂದು ಬಂಡೆಯ ಮೇಲೆ ಫಾಲ್ಸ್‌ಗ್ರಾಫೆನ್‌ಸ್ಟೈನ್ ಕೋಟೆ ನಿಂತಿದೆ. ಬಿಳಿ ಗೋಡೆ, ಕಪ್ಪು ಚಾವಣಿ. ಹರಿವು ಬಂದು ಬಡಿಯುವ ಕಡೆ ಗೋಡೆ ಹಡಗಿನ ಮೂತಿಯಂತೆ ಚೂಪಾಗಿದೆ. 1327ರ ಸುಮಾರಿಗೆ ಸುಂಕಕ್ಕೆಂದೇ ಕಟ್ಟಿದ್ದು. ನದಿಗೆ ಅಡ್ಡ ಸರಪಳಿ ಎಳೆದು ದೋಣಿ ತಡೆಯುತ್ತಿದ್ದರಂತೆ. ಸುಂಕದ ಈ ಕಾಟ 19ನೇ ಶತಮಾನದವರೆಗೂ ನಡೆಯಿತು. 1868ರ ಮ್ಯಾನ್‌ಹೈಮ್ ಒಪ್ಪಂದ ಬಂದ ಮೇಲೆ ರೈನ್ ನದಿಯ ಸಂಚಾರ ಸುಂಕವಿಲ್ಲದೆ ಮುಕ್ತವಾಯಿತು. ಈಗ ಅದೇ ಕೋಟೆಯ ಪಕ್ಕ 110 ಮೀಟರ್ ಉದ್ದದ ಬಾರ್ಜ್‌ಗಳು ಯಾರಿಗೂ ಸುಂಕ ಕೊಡದೆ ಹಾದು ಹೋಗುತ್ತವೆ. ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಲಾರಿಗಳ ಸರಕು. ಆ ಎರಡೂ ಒಂದೇ ಫೋಟೊದಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಫೋಟೊ ಬೇಕಾ?

ಮೊದಲ ಸಲ ಹೋದಾಗ ನಾನೂ ಬರೀ ಬೆಟ್ಟದ ತುದಿಯನ್ನೇ ನೋಡುತ್ತಿದ್ದೆ. ಬಾಖರಾಖ್ ದಾಟಿದ ಮೇಲೆ ಒಂದು ಬಾರ್ಜ್ ನಮ್ಮ ಹತ್ತಿರವೇ ಬಂತು. ಭಾರಕ್ಕೆ ಎಷ್ಟು ತಗ್ಗಿತ್ತೆಂದರೆ ಪಕ್ಕದ ನಡೆದಾಡುವ ಪಟ್ಟಿಯ ಮೇಲೆ ನೀರು ಹರಿಯುತ್ತಿತ್ತು. ಹಿಂಭಾಗದಲ್ಲಿ ಮನೆ. ಕಿಟಕಿಗೆ ಲೇಸಿನ ಪರದೆ, ಕೆಂಪು ಹೂವಿನ ಕುಂಡ, ಮೇಲೆ ಒಂದು ಕಾರು. ಹಗ್ಗದ ಮೇಲೆ ಪುಟ್ಟ ಪುಟ್ಟ ಅಂಗಿಗಳು ಒಣಗುತ್ತಿದ್ದವು. ಸಂಸಾರ ಸಮೇತ ಅದರಲ್ಲೇ ಬದುಕುವವರು ಈಗಲೂ ಇದ್ದಾರೆ. ಅವತ್ತಿನಿಂದ ನನ್ನ ಕಣ್ಣು ಅರ್ಧ ಹೊತ್ತು ಕೆಳಗೇ ಇರುತ್ತದೆ.

ಇನ್ನೊಂದು ನೋಡಿ. ಹರಿವಿಗೆ ಎದುರಾಗಿ ಬರುವ ಹಡಗಿನ ಬಲಗಡೆ ಒಮ್ಮೊಮ್ಮೆ ನೀಲಿ ಹಲಗೆಯೊಂದು ತೆರೆದುಕೊಳ್ಳುತ್ತದೆ, ನಡುವೆ ಬಿಳಿ ದೀಪ ಮಿನುಗುತ್ತದೆ. ‘ನಾವು ಒಬ್ಬರಿಗೊಬ್ಬರು ಬಲಮಗ್ಗುಲಿಗೆ ದಾಟೋಣ’ ಎಂದು ಅದರ ಅರ್ಥ. ಎದುರಿನವನೂ ಅದೇ ಹಲಗೆ ತೋರಿಸಿ ಒಪ್ಪಿಕೊಳ್ಳುತ್ತಾನೆ. ಮೇಲೇರುವ ಹಡಗಿಗೆ ಕಷ್ಟ ಜಾಸ್ತಿ ಅಲ್ವಾ, ಅದಕ್ಕೇ ಯಾವ ಕಡೆ ಹೋಗಬೇಕೆಂದು ಆರಿಸುವ ಹಕ್ಕು ಅದರದ್ದು. ಸೆಳೆತ ಕಡಿಮೆ ಇರುವ ಕಡೆ ಹೋದರೆ ಡೀಸೆಲ್ ಉಳಿಯುತ್ತದೆ.

ಲೋರೆಲೈ ಬಂಡೆಯ ಹತ್ತಿರ ನದಿ ಕಿರಿದಾಗಿ ತಿರುಗುತ್ತದೆ. ಬಂಡೆಯ ಎತ್ತರ 132 ಮೀಟರ್. ಹಾಡಿ ನಾವಿಕರನ್ನು ಮುಳುಗಿಸುತ್ತಿದ್ದ ಹುಡುಗಿಯ ಕಥೆ ಹಡಗಿನಲ್ಲೇ ಹೇಳುತ್ತಾರೆ, ನಾನು ಮತ್ತೆ ಹೇಳುವುದಿಲ್ಲ. ಅಪಾಯ ಮಾತ್ರ ಕಥೆಯಲ್ಲ. 2011ರ ಜನವರಿಯಲ್ಲಿ ಗಂಧಕಾಮ್ಲ ತುಂಬಿದ್ದ ಟ್ಯಾಂಕರ್ ಹಡಗೊಂದು ಇಲ್ಲೇ ಹತ್ತಿರದಲ್ಲಿ ಮಗುಚಿತು, ಜೀವಹಾನಿಯೂ ಆಯಿತು. ಈ ತಿರುವುಗಳ ಆಚೆಯಿಂದ ಯಾರು ಇಳಿದು ಬರುತ್ತಿದ್ದಾರೆ ಎಂದು ಮೇಲೇರುವ ಹಡಗುಗಳಿಗೆ ತಿಳಿಸಲು ದಡದಲ್ಲಿ ದೀಪದ ಸಂಕೇತಗಳಿವೆ. ಬಿಳಿ ದೀಪದ ಗೆರೆಗಳು ಕಂಡರೆ ಅವೇ.

ಈಗ ನಿಮ್ಮ ಪ್ರಶ್ನೆ. ರೂಡೆಸ್‌ಹೈಮ್ ಅಥವಾ ಬಿಂಗೆನ್‌ನಲ್ಲಿ ಹತ್ತಿ, ಹರಿವಿನ ಜೊತೆ ಕೋಬ್ಲೆನ್ಸ್ ಕಡೆಗೆ ಹೋಗಿ. ಪೂರ್ತಿ ದಾರಿಗೆ ಸುಮಾರು ನಾಲ್ಕು ಗಂಟೆ. ಎದುರು ಹರಿವಿನಲ್ಲಿ ಅದೇ ದಾರಿಗೆ ಆರು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಕೂರಲು ಆಗುವುದಿಲ್ಲ ಎಂದರೆ ಸಂಕ್ಟ್ ಗೋವಾರ್‌ನಲ್ಲಿ ಇಳಿದುಬಿಡಿ. ಹೆಚ್ಚಿನ ಸೊಗಸು ಅಷ್ಟರಲ್ಲೇ ಮುಗಿದಿರುತ್ತದೆ, ವಾಪಸ್ ಬರಲು ಎರಡೂ ದಡದಲ್ಲಿ ರೈಲಿದೆ. ಎಡಕ್ಕೂ ಕೋಟೆ, ಬಲಕ್ಕೂ ಕೋಟೆ. ಹಾಗಾಗಿ ಮೇಲಿನ ಡೆಕ್‌ನ ಮುಂಭಾಗ ಹಿಡಿಯಿರಿ, ಸುಮ್ನೆ ಒಂದು ಕಡೆ ಅಂಟಿಕೊಂಡು ಕೂರಬೇಡಿ.

ಕಾಣುವ ಕೋಟೆಗಳೆಲ್ಲ ಹಳೆಯ ಕಲ್ಲೇ ಅಲ್ಲ. ಹಲವನ್ನು ಫ್ರೆಂಚ್ ಸೈನ್ಯ 1689ರ ಸುಮಾರಿಗೆ ಕೆಡವಿತು. ರೈನ್‌ಸ್ಟೈನ್, ಸ್ಟೋಲ್ಸೆನ್‌ಫೆಲ್ಸ್‌ನಂಥವನ್ನು 19ನೇ ಶತಮಾನದಲ್ಲಿ ಪ್ರಷ್ಯಾದ ರಾಜಮನೆತನದವರು ಮತ್ತೆ ಕಟ್ಟಿಸಿದರು. ಎಂದೂ ಹಾಳಾಗದೆ ಉಳಿದದ್ದನ್ನು ನೋಡಬೇಕಾದರೆ ಬ್ರೌಬಾಖ್ ಊರಿನ ಮೇಲಿರುವ ಮಾರ್ಕ್ಸ್‌ಬುರ್ಗ್ ನೋಡಿ.

ಪ್ರಶ್ನೆ: ಜೊತೆಗೆ 9 ವರ್ಷದ ಮೊಮ್ಮಗನೂ ಬರುತ್ತಾನೆ. ಅವನಿಗೆ ಬೇಜಾರಾಗುವುದಿಲ್ಲವೇ?

ಉತ್ತರ: ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಬಾರ್ಜ್‌ಗಳ ಹಿಂಭಾಗದಲ್ಲಿ ಅವುಗಳ ಊರಿನ ಹೆಸರು ಬರೆದಿರುತ್ತದೆ. ರಾಟರ್‌ಡ್ಯಾಮ್, ಬಾಸೆಲ್, ಆಂಟ್‌ವರ್ಪ್ ಎಂದೆಲ್ಲ ಓದಿ ಬರೆದುಕೊಳ್ಳಲಿ. ದಡದಲ್ಲಿ ಪ್ರತಿ ಕಿಲೋಮೀಟರಿಗೂ ಒಂದು ದೊಡ್ಡ ಸಂಖ್ಯೆಯ ಫಲಕ ಇದೆ, ಲೆಕ್ಕ ಶುರುವಾಗುವುದು ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ. 546 ಕಂಡ ಕೂಡಲೇ ನಿಮ್ಮನ್ನು ಕರೆಯುವ ಕೆಲಸ ಅವನದ್ದು, ನೀರಿನ ನಡುವಿನ ಆ ಸುಂಕದ ಕೋಟೆ ಇರುವುದು ಅಲ್ಲೇ. ಡೆಕ್ ಮೇಲೆ ಜೂನ್‌ನಲ್ಲೂ ಗಾಳಿ ಜಾಸ್ತಿ, ಅವನಿಗೊಂದು ಸ್ವೆಟರ್ ಇಟ್ಟುಕೊಳ್ಳಿ.