ಶಾಲೆ ಎದುರು ಜೀಬ್ರಾ ಪಟ್ಟಿ ಸಾಕಾ?

ಕುಮಟಾದಲ್ಲಿ ಹೆದ್ದಾರಿ ಪಕ್ಕದ ಶಾಲೆ ಎದುರು ಜೀಬ್ರಾ ಪಟ್ಟಿ ಬಳಿದರೆ ಮಕ್ಕಳಿಗೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಬರೀ ಬಣ್ಣದಿಂದ ಗಾಡಿಗಳ ವೇಗ ಇಳಿಯುವುದಿಲ್ಲ. ನಮ್ಮ ಕರಾವಳಿ ಮಳೆಗೆ ಅದು ಬೇಗ ಮಾಸಿಯೂ ಹೋಗುತ್ತದೆ.

ವೇಗವೇ ಇಲ್ಲಿ ಮುಖ್ಯ. ಗಂಟೆಗೆ 30 ಕಿ.ಮೀ. ವೇಗದ ಕಾರು ಬಡಿದರೆ ಹೆಚ್ಚಿನವರು ಬದುಕುತ್ತಾರೆ. ಅದೇ 60 ಆದರೆ ಹೊಡೆತದ ಶಕ್ತಿ ಎರಡಲ್ಲ, ನಾಲ್ಕು ಪಟ್ಟು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೂ ಗಾಡಿ ಜಾಸ್ತಿ ದೂರ ಹೋಗುತ್ತದೆ. ಅಗಲವಾದ ನೇರ ರಸ್ತೆ ಮಾಡಿ, ಸುಮ್ನೆ ‘ನಿಧಾನ’ ಅಂತ ಬೋರ್ಡ್ ಹಾಕಿದರೆ ಯಾರು ಕೇಳುತ್ತಾರೆ? ರಸ್ತೆಯೇ ಓಡಿಸು ಅಂತ ಹೇಳುತ್ತಿರುತ್ತದೆ, ಅಲ್ವಾ?

ನಾಲ್ಕು ಪಥದ ಹೆದ್ದಾರಿ 66ರಲ್ಲಿ ಮೊದಲು ಕೆಳಸೇತುವೆಯನ್ನೇ ಕೇಳಿ. ಆಗದಿದ್ದರೆ ಸಿಗ್ನಲ್, ಜೊತೆಗೆ ನಡುವೆ ನಿಲ್ಲಲು ಸುರಕ್ಷಿತ ಜಾಗ. ಆಗ ಮಕ್ಕಳು ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ನೋಡಿದರೆ ಸಾಕು. ಸರ್ವಿಸ್ ರಸ್ತೆಯಲ್ಲಿ ದಾಟುವ ಜಾಗವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಬೇಕು. ಅದೇ ಹಂಪ್ ಆಗುತ್ತದೆ. ನೀರು ಹರಿಯಲು ದಾರಿ ಬಿಡುವುದನ್ನು ಮರೆಯಬಾರದು.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಕಾರವಾರಕ್ಕೆ ಬರೆಯಿರಿ. ಶಾಲೆ ಬಿಡುವ ಹೊತ್ತಿನ ವಿಡಿಯೋ ಜೊತೆಗಿಡಿ.