ಹಳೆಯ ಸುಟ್ಟ ಕಲೆಯ ಮೇಲಿನ ಹುಣ್ಣು ಮಾಯದಿದ್ದರೆ ಕ್ಯಾನ್ಸರ್ ಎಂದು ಅನುಮಾನಿಸಬೇಕೇ?

ನಿಮ್ಮ ತಾಯಿಯವರ ಮೊಣಕಾಲಿನ ಕೆಳಗೆ ಚಿಕ್ಕಂದಿನಲ್ಲಿ ಬೆಂಕಿ ತಗುಲಿದ ಕಲೆಯಿದೆ, ಅದರ ಮೇಲೆ ನಾಲ್ಕು ತಿಂಗಳಿಂದ ಹುಣ್ಣಾಗಿದೆ, ಎಷ್ಟು ಮುಲಾಮು ಬದಲಿಸಿದರೂ ಮಾಯುತ್ತಿಲ್ಲ ಎಂದಿದ್ದೀರಿ. ಕಪ್ಪು ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲವಂತೆ, ನಿಜವೇ ಎಂದೂ ಕೇಳಿದ್ದೀರಿ. ತಾಲ್ಲೂಕು ಕೇಂದ್ರವೊಂದರಲ್ಲಿ ಸಾಮಾನ್ಯ ವೈದ್ಯನಾಗಿ ಹೇಳುತ್ತೇನೆ: ನಿಜವಲ್ಲ. ಈ ವಾರವೇ ಬಯಾಪ್ಸಿಗೆ, ಅಂದರೆ ಹುಣ್ಣಿನ ಚಿಕ್ಕ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಕರೆದುಕೊಂಡು ಹೋಗಿ.

ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ನಮ್ಮನ್ನು ಬಿಸಿಲಿನಿಂದ ಬಹುಮಟ್ಟಿಗೆ ಕಾಯುತ್ತದೆ. ಆದರೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಹುಟ್ಟಲು ಬಿಸಿಲೇ ಬೇಕೆಂದಿಲ್ಲ. ಹಳೆಯ ಸುಟ್ಟ ಕಲೆ, ವರ್ಷಗಟ್ಟಲೆ ಕೀವು ಸೋರುವ ಮೂಳೆಯ ಸೋಂಕು, ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಅಂಗಾಲಿನ ಹುಣ್ಣು ಇವೆಲ್ಲ ಅದಕ್ಕೆ ನೆಲೆಯಾಗುತ್ತವೆ. ಕಲೆಯ ಮೇಲೇಳುವ ಇಂಥ ಹುಣ್ಣನ್ನು ಫ್ರೆಂಚ್ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲೇ ವಿವರಿಸಿದ್ದರು. ಸುಟ್ಟು ದಶಕಗಳಾದ ಮೇಲೂ ಅದು ಕಾಣಿಸಿಕೊಳ್ಳಬಹುದು. ಕಾಶ್ಮೀರದಲ್ಲಿ ಚಳಿಗೆಂದು ಬಟ್ಟೆಯೊಳಗೆ ಕಾಂಗ್ರಿ ಎಂಬ ಕೆಂಡದ ಮಡಕೆ ಇಟ್ಟುಕೊಳ್ಳುವವರಿಗೆ ತೊಡೆ, ಹೊಟ್ಟೆಯ ಮೇಲೆ ಈ ಕ್ಯಾನ್ಸರ್ ಬರುತ್ತದೆ. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ನೀರು ಕುಡಿದವರ ಚರ್ಮದಲ್ಲೂ ಕ್ಯಾನ್ಸರಿಗೆ ತಿರುಗಬಲ್ಲ ಗಂಟುಗಳು ಎದ್ದಿದ್ದವು. ಬಿಳಿಯರ ಮೂಗು, ಕೆನ್ನೆಯ ಚಿತ್ರ ನೋಡಿ ಕಲಿತ ವೈದ್ಯರ ಕಣ್ಣು ಸೀರೆಯಡಿಯ ಕಾಲನ್ನು ನೋಡದೆ ಬಿಟ್ಟುಬಿಡುತ್ತದೆ ಎಂಬುದು ನನ್ನ ದೊಡ್ಡ ಕಳವಳ.

ಇಂಥ ಹುಣ್ಣನ್ನು ನಾನು ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ ನೋಡುತ್ತೇನೆ. ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆ ಇಟ್ಟು ಹಕ್ಕಳೆಯನ್ನು ಮೆತ್ತಗೆ ಬಿಡಿಸಬೇಕು. ನೋಡಬೇಕಾದದ್ದು ಅದರಡಿಯಲ್ಲೇ ಇರುತ್ತದೆ. ಮಾಯುತ್ತಿರುವ ಹುಣ್ಣಿನ ಅಂಚು ಇಳಿಜಾರಾಗಿ, ತೆಳುವಾಗಿ ಒಳಗೆ ಸರಿಯುತ್ತಿರುತ್ತದೆ. ಕ್ಯಾನ್ಸರಿನ ಅಂಚು ಹೊರಕ್ಕೆ ಮಗುಚಿಕೊಂಡು, ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ಮುಟ್ಟಿದರೆ ರಕ್ತ ಜಿನುಗುತ್ತದೆ. ಕೊನೆಗೆ ತೊಡೆಸಂದಿಯಲ್ಲಿ ಗಂಟು ಕಟ್ಟಿದೆಯೇ ಎಂದು ಒತ್ತಿ ನೋಡುತ್ತೇನೆ, ಏಕೆಂದರೆ ಈ ಕ್ಯಾನ್ಸರ್ ಅಲ್ಲಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಬಲ್ಲದು. ಇಷ್ಟಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಮುಖದ ಮೇಲೆ ಹೆಚ್ಚಾಗಿ ಬರುವ ಬೇಸಲ್ ಸೆಲ್ ಕ್ಯಾನ್ಸರ್ ಬೇರೆ ಬಗೆ. ನಮ್ಮವರಲ್ಲಿ ಅದು ಕಪ್ಪಾಗಿರುವುದೇ ಹೆಚ್ಚು, ಹಾಗಾಗಿ ಮಚ್ಚೆಯೆಂದು ಸುಮ್ಮನಾಗುತ್ತಾರೆ. ಅದು ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಮೂಗು, ರೆಪ್ಪೆಯನ್ನು ತಿನ್ನುತ್ತಾ ಹೋಗುತ್ತದೆ.

ನಿಮ್ಮ ತಾಯಿಯವರದು ಕ್ಯಾನ್ಸರೇ ಎಂದು ನೋಡದೆ ಹೇಳಲಾರೆ. ಸಕ್ಕರೆ ಕಾಯಿಲೆಯಿಂದಲೂ ಉಬ್ಬಿದ ರಕ್ತನಾಳಗಳಿಂದಲೂ ಕಾಲಿನ ಹುಣ್ಣು ಮಾಯದೇ ಇರಬಹುದು. ಆದರೆ ಇನ್ನೊಂದು ಮುಲಾಮಿಗೆ ಒಪ್ಪಬೇಡಿ. ತಾಲ್ಲೂಕು ಆಸ್ಪತ್ರೆಯ ಶಸ್ತ್ರವೈದ್ಯರನ್ನೋ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗವನ್ನೋ ಕಂಡು, ‘ಸುಟ್ಟ ಕಲೆಯ ಮೇಲೆ ನಾಲ್ಕು ತಿಂಗಳ ಹುಣ್ಣು’ ಎಂದೇ ಮೊದಲು ಹೇಳಿ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಹುಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆಯುತ್ತಾರೆ. ಅಂದೇ ಮನೆಗೆ ಬರಬಹುದು. ಚೂರನ್ನು ನಡುವಿನಿಂದಷ್ಟೇ ತೆಗೆದರೆ ಸತ್ತ ಅಂಗಾಂಶ ಮಾತ್ರ ಸಿಗಬಹುದು. ವರದಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದೂ ಹುಣ್ಣು ಹಾಗೆಯೇ ಉಳಿದರೆ, ಬೇರೆ ಬೇರೆ ಕಡೆಯ ಅಂಚಿನಿಂದ ಮತ್ತೊಮ್ಮೆ ಬಯಾಪ್ಸಿ ಮಾಡಲು ಕೇಳಿ. ಹಾಗೆ ಕೇಳುವುದಕ್ಕೆ ಸಂಕೋಚಪಡಬೇಡಿ.