ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಮೊದಲೇ ಅಕೌಂಟ್ಸ್ ಕೆಲಸ ಹುಡುಕುವುದು ಹೇಗೆ?

ದಾವಣಗೆರೆಯ ಏಜೆನ್ಸಿಯೊಂದರಲ್ಲಿ ಆರು ವರ್ಷದಿಂದ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ನೋಡಿಕೊಳ್ಳುತ್ತಿದ್ದೀರಿ. ಜೂನ್‌ನಿಂದ ನಿಮ್ಮ ಹೆಂಡತಿಗೆ ಧಾರವಾಡದ ಶಾಲೆಯಲ್ಲಿ ಕೆಲಸ. ವೆಬ್‌ಸೈಟ್‌ಗಳಲ್ಲಿ ಹುಡುಕಿದರೆ ಇಲ್ಲಿ ಏನೂ ಕಾಣುತ್ತಿಲ್ಲ, ಮೊದಲು ಬಂದುಬಿಟ್ಟು ಆಮೇಲೆ ಹುಡುಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹಾವೇರಿಯಿಂದ ಹಾಗೇ ಬಂದೆ. ಮನೆಗೆ ಅಡ್ವಾನ್ಸ್ ಕೊಟ್ಟು, ಸಾಮಾನು ಇಳಿಸಿ, ನಾಲ್ಕು ತಿಂಗಳು ಕೆಲಸವಿಲ್ಲದೆ ಕೂತು, ಕೊನೆಗೆ ಬಾಡಿಗೆ ಕಟ್ಟಬೇಕಲ್ಲ ಅಂತ ಮಾಲೀಕರು ಹೇಳಿದ ಸಂಬಳಕ್ಕೆ ಹೂಂ ಅಂದೆ. ಆ ಕಡಿಮೆ ಸಂಬಳದಿಂದ ಮೇಲೆ ಬರಲು ಎರಡು ವರ್ಷ ಹಿಡಿಯಿತು.

ವೆಬ್‌ಸೈಟ್‌ನಲ್ಲಿ ಕಾಣುತ್ತಿಲ್ಲ ಅಂದರೆ ಕೆಲಸ ಇಲ್ಲ ಅಂತಲ್ಲ. ಇಲ್ಲಿನ ಡೀಲರ್‌ಗಳು, ಸಣ್ಣ ಫ್ಯಾಕ್ಟರಿಯವರು, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯವರು ಅಕೌಂಟೆಂಟ್ ಬೇಕಾದಾಗ ಮೊದಲು ಫೋನ್ ಮಾಡುವುದು ತಮ್ಮ ಆಡಿಟರ್‌ಗೆ. "ಸರ್, ಯಾರಾದ್ರೂ ಛಲೋ ಹುಡುಗ ಇದ್ರ ಕಳಸ್ರಿ" ಅಂತ. ಅಲ್ಲಿಗೆ ಮುಗಿಯಿತು, ಆ ಕೆಲಸ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಹಾಗಾಗಿ ನೀವು ಹಿಡಿಯಬೇಕಾದವರು ಆಡಿಟರ್‌ಗಳನ್ನು. ಈಗ ದಾವಣಗೆರೆಯಲ್ಲಿ ನಿಮ್ಮ ಏಜೆನ್ಸಿಯ ಲೆಕ್ಕ ನೋಡುವ ಆಡಿಟರ್ ಇದ್ದಾರಲ್ಲ, ಅವರನ್ನೇ ಮೊದಲು ಕೇಳಿ. ಹುಬ್ಬಳ್ಳಿಯಲ್ಲಿ ಅವರ ಜೊತೆ ಓದಿದವರು ಯಾರಾದರೂ ಇದ್ದರೆ ಒಂದು ಫೋನ್ ಮಾಡಿಸಿ. ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಆಮೇಲೆ ರಜೆ ಹಾಕಿ ಎರಡು ಸಲ ಬಂದು ಹೋಗಿ. ದಾವಣಗೆರೆ, ಹಾವೇರಿ, ಹುಬ್ಬಳ್ಳಿ ಎಲ್ಲ ಒಂದೇ ರೈಲು ಮಾರ್ಗ, ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗಬಹುದು. ಆದರೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನ ಇರುತ್ತದೆ, ನಿಮಗೇ ಗೊತ್ತಲ್ವಾ. ಆ ದಿನಗಳಲ್ಲಿ ಆಡಿಟರ್ ಆಫೀಸಿಗೆ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. 22ರ ನಂತರ ಬನ್ನಿ, ಮಾತಾಡಲು ಪುರುಸೊತ್ತು ಇರುತ್ತದೆ.

ಮಾಲೀಕರು ಕೇಳುವ ಮೊದಲ ಪ್ರಶ್ನೆ ಟ್ಯಾಲಿ ಬಗ್ಗೆ ಇರುವುದಿಲ್ಲ. "ಮನಿ ಎಲ್ಲಿ ಮಾಡೀರಿ?" ಅಂತ ಕೇಳುತ್ತಾರೆ. ಹೊರಗಿನಿಂದ ಬಂದವರು ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಲೆಕ್ಕವೆಲ್ಲ ಅರ್ಧಕ್ಕೆ ನಿಲ್ಲುತ್ತದೆ ಅನ್ನುವ ಭಯ ಅವರಿಗೆ. ಹೆಂಡತಿಗೆ ಧಾರವಾಡದಲ್ಲಿ ಕೆಲಸ ಆಗಿದೆ ಅಂತ ನೀವಾಗಿಯೇ ಮೊದಲು ಹೇಳಿ. ನಿಮ್ಮ ಆರು ವರ್ಷದ ಅನುಭವಕ್ಕಿಂತ ಆ ಮಾತಿಗೇ ಜಾಸ್ತಿ ಬೆಲೆ.

ರಿಜಿಸ್ಟ್ರೇಶನ್ ಫೀ ಕೇಳುವ ಕನ್ಸಲ್ಟೆನ್ಸಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಎರಡೂವರೆ ಸಾವಿರ ಕೊಟ್ಟೆ, ಒಂದು ಇಂಟರ್‌ವ್ಯೂ ಕೂಡ ಬರಲಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ಹೆಸರು ಹಾಕಬಹುದು, ಹಾಕಿಡಿ. ಪೇಪರ್‌ಗಳ ಹುಬ್ಬಳ್ಳಿ ಆವೃತ್ತಿಯ ವರ್ಗೀಕೃತ ಜಾಹೀರಾತನ್ನೂ ಮೊಬೈಲ್‌ನಲ್ಲೇ ನೋಡುತ್ತಿರಿ.

ಇನ್ನು ಜಾಗದ ವಿಷಯ. ಹುಬ್ಬಳ್ಳಿ, ಧಾರವಾಡ ಜೋಡಿ ನಗರ ಅಂದರೂ ನಡುವೆ ಸುಮಾರು 20 ಕಿಲೋಮೀಟರ್ ಇದೆ. ಎರಡೂ ಊರಿನ ನಡುವೆ ಓಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನ ದಾರಿಯಲ್ಲಿ, ಅಂದರೆ ವಿದ್ಯಾನಗರ, ಉಣಕಲ್, ನವನಗರದ ಕಡೆ ಕೆಲಸ ಸಿಕ್ಕರೆ ಧಾರವಾಡದಲ್ಲಿ ಮನೆ ಮಾಡಿ ಆರಾಮಾಗಿ ಓಡಾಡಬಹುದು. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶಕ್ಕೆ ಚಿಗರಿ ಹೋಗುವುದಿಲ್ಲ, ಇಳಿದು ಮತ್ತೊಂದು ಬಸ್ಸು ಹಿಡಿಯಬೇಕು. ಆ ಖರ್ಚು, ಹೊತ್ತು ಲೆಕ್ಕ ಹಾಕಿಯೇ ಸಂಬಳ ಮಾತಾಡಿ. ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಮೋಟರ್ಸ್ ಇದೆ, ಅಲ್ಲಿನ ಸಣ್ಣ ಕಂಪನಿಗಳಲ್ಲೂ ವಿಚಾರಿಸಿ, ನಿಮಗೆ ಅದು ಹುಬ್ಬಳ್ಳಿಗಿಂತ ಹತ್ತಿರ ಆದೀತು.

ಶಾಲೆ ಧಾರವಾಡದ ಯಾವ ಕಡೆ ಅಂತ ನೀವು ಬರೆದಿಲ್ಲ. ತಿಳಿಸಿದರೆ ಯಾವ ಏರಿಯಾದಲ್ಲಿ ಮೊದಲು ವಿಚಾರಿಸಬೇಕು ಅಂತ ಹೇಳುತ್ತೇನೆ.